ಡೌನ್‌ಲೋಡ್ ಮಾಡಿದ ಫೈಲ್ ಬೇರೆಯೇ ಫಾರ್ಮ್ಯಾಟ್‌ನಲ್ಲಿ ಬಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಡಿಎಫ್ ಅಂತ ಒತ್ತಿದರೆ ಇನ್ನೇನೋ ಇಳಿಯುತ್ತದೆ. ಫೋಟೊ ಇಳಿಸಿಕೊಂಡರೆ ಅರ್ಜಿಯ ಸೈಟ್ ಒಪ್ಪುವುದಿಲ್ಲ. ಸ್ಟೇಟ್‌ಮೆಂಟ್ ತೆರೆಯಲು ಹೋದರೆ ಎಕ್ಸೆಲ್ ಗದರುತ್ತದೆ. ಇಂಥ ತಕರಾರುಗಳಿಗೆ ಉತ್ತರ ಇಲ್ಲಿದೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಮೊದಲ ಮೂರು ಉತ್ತರ ಓದಿಕೊಂಡು ಹೋದರೆ ಉಳಿದದ್ದು ಸಲೀಸು.

ತಪ್ಪು ಫಾರ್ಮ್ಯಾಟ್‌ನಲ್ಲಿ ಬಂತು ಅಂದರೆ ಏನಾಗಿದೆ? ತಪ್ಪು ಯಾರದು?

ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕೆಯಾದ ಮೇಲೆ ಪಿಡಿಎಫ್, ಜೆಪಿಜಿ ಅಂತೆಲ್ಲ ಇರುತ್ತದಲ್ಲ, ಅದು ಎಕ್ಸ್‌ಟೆನ್ಷನ್. ಸುಲಭಕ್ಕೆ ಇಲ್ಲಿ ಬಾಲ ಅನ್ನೋಣ. ಬಾಲ ಬರೀ ಹೆಸರಿನ ಭಾಗ, ಒಳಗಿರುವ ಮಾಲು ಬೇರೆ. ಎರಡೂ ಹೊಂದಬೇಕು ಅನ್ನುವುದು ರೂಢಿ ಅಷ್ಟೇ. ಹೊಂದದಿದ್ದರೂ ಫೈಲ್ ಇಳಿಯುತ್ತದೆ.

ವೆಬ್‌ಸೈಟಿನಿಂದ ಫೈಲ್ ಬರುವಾಗ ಅದಕ್ಕೂ ಮುಂಚೆ ನಾಲ್ಕಾರು ಸಾಲಿನ ಒಕ್ಕಣೆ ಬರುತ್ತದೆ. ನಮಗೆ ಕಾಣುವುದಿಲ್ಲ, ಬ್ರೌಸರ್ ಓದಿಕೊಳ್ಳುತ್ತದೆ. ಅದರಲ್ಲಿ 'ಕಂಟೆಂಟ್-ಟೈಪ್' ಅನ್ನುವ ಸಾಲು ಬರುತ್ತಿರುವುದು ಪಿಡಿಎಫ್ಫೋ, ಚಿತ್ರವೋ, ಮಾಮೂಲಿ ವೆಬ್ ಪುಟವೋ ಅಂತ ಹೇಳುತ್ತದೆ. ಈ ಪದ್ಧತಿ 1992ರಲ್ಲಿ ಇಮೇಲ್‌ಗಾಗಿ ಮೈಮ್ ಎಂಬ ಹೆಸರಿನಲ್ಲಿ ಬಂತು. ವೆಬ್ ಅದನ್ನೇ ಎತ್ತಿಕೊಂಡಿತು. ತನ್ನ ಹತ್ತಿರ ಇರುವುದು ಏನು ಅಂತ ಸರ್ವರ್‌ಗೆ, ಅಂದರೆ ಸೈಟನ್ನು ಇಟ್ಟುಕೊಂಡ ಕಂಪ್ಯೂಟರಿಗೆ, ಗೊತ್ತಿಲ್ಲದಿದ್ದರೆ 'ಆಕ್ಟೆಟ್-ಸ್ಟ್ರೀಮ್' ಅಂದು ಕೈ ತೊಳೆದುಕೊಳ್ಳುತ್ತದೆ. ಏನೋ ಒಂದಷ್ಟು ಬೈಟ್ ಇವೆ, ನೀನೇ ನೋಡಿಕೋ ಅಂತ ಅದರ ಅರ್ಥ. 'ಕಂಟೆಂಟ್-ಡಿಸ್ಪೊಸಿಷನ್' ಅನ್ನುವ ಇನ್ನೊಂದು ಸಾಲು ಫೈಲಿಗೆ ಏನು ಹೆಸರಿಡಬೇಕು, ಪರದೆಯಲ್ಲೇ ತೋರಿಸಬೇಕೋ ಡಿಸ್ಕಿಗೆ ಇಳಿಸಬೇಕೋ ಅಂತ ಹೇಳುತ್ತದೆ.

ಹಾಗಾಗಿ ಎಡವಟ್ಟು ಮೂರು ಕಡೆ ಆಗಬಹುದು. ಸರ್ವರ್ ತಪ್ಪು ಹೇಳಿರಬಹುದು. ಬ್ರೌಸರ್ ತಪ್ಪಾಗಿ ಊಹಿಸಿರಬಹುದು. ಇಲ್ಲವೇ ನೀವು ಒತ್ತಿದ್ದು ಫೈಲಿನ ಕೊಂಡಿಯೇ ಆಗಿರಲಿಕ್ಕಿಲ್ಲ. ಜಾಸ್ತಿ ಸಲ ತಪ್ಪು ಸರ್ವರ್‌ನದೇ, ಬೈಗುಳ ಮಾತ್ರ ನಮ್ಮ ಲ್ಯಾಪ್‌ಟಾಪಿಗೆ.

ಒಳಗೆ ನಿಜವಾಗಿ ಏನಿದೆ ಅಂತ ಪತ್ತೆ ಮಾಡುವುದು ಹೇಗೆ?

ಮೊದಲು ಬಾಲ ಕಾಣುವ ಹಾಗೆ ಮಾಡಿಕೊಳ್ಳಿ. ವಿಂಡೋಸ್ ಇದನ್ನು ತಾನಾಗಿಯೇ ಬಚ್ಚಿಡುತ್ತದೆ, ಯಾಕೋ ಈ ಚಾಳಿ ಇನ್ನೂ ಬಿಟ್ಟಿಲ್ಲ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅಂತ ಹೋಗಿ ಟಿಕ್ ಹಾಕಿ. ಒಮ್ಮೆ ಮಾಡಿದರೆ ಸಾಕು.

ಆಮೇಲೆ ಫೈಲಿನ ಗಾತ್ರ ನೋಡಿ. ನಲವತ್ತು ಪುಟದ ಸ್ಕ್ಯಾನ್ ಮಾಡಿದ ಪುಸ್ತಕ 6 ಕೆಬಿ ಇದೆ ಅಂದರೆ ಅದು ಪುಸ್ತಕ ಅಲ್ಲವೇ ಅಲ್ಲ.

ಮೂರನೆಯದು ಕೈಗುಣದ ಉಪಾಯ. ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಪರದೆ ತುಂಬ ಗೊಂದಲ ಕಾಣುತ್ತದೆ, ಹೆದರಬೇಡಿ. ನೋಡಬೇಕಾದದ್ದು ಮೊದಲ ಸಾಲು ಮಾತ್ರ. ಶೇಕಡಾ ಚಿಹ್ನೆ, ಅದರ ಬೆನ್ನಿಗೆ ಪಿ, ಡಿ, ಎಫ್ ಅಕ್ಷರಗಳಿದ್ದರೆ ಅದು ಪಿಡಿಎಫ್. ಪಿ ಮತ್ತು ಕೆ ಎಂಬ ಎರಡು ದೊಡ್ಡಕ್ಷರ ಇದ್ದರೆ ಜಿಪ್ ಜಾತಿಯದು. ಜಿಪ್ ಫಾರ್ಮ್ಯಾಟ್ ರೂಪಿಸಿದ ಫಿಲ್ ಕಾಟ್ಜ್ ತನ್ನ ಇನಿಷಿಯಲ್ ಅನ್ನೇ ಅಲ್ಲಿ ಕೂರಿಸಿದ. ಎಂ ಮತ್ತು ಝಡ್ ಇದ್ದರೆ ಅದು ವಿಂಡೋಸ್‌ನಲ್ಲಿ ಓಡುವ ಪ್ರೋಗ್ರಾಂ. ಇದೂ ಇನಿಷಿಯಲ್ಲೇ, ಮಾರ್ಕ್ ಜ್ಬಿಕೋವ್‌ಸ್ಕಿ ಎಂಬ ಮೈಕ್ರೋಸಾಫ್ಟ್ ಎಂಜಿನಿಯರನದು. ಬಿಲ್ ಅಂತ ಬಂದ ಫೈಲಿನಲ್ಲಿ ಎಂಝಡ್ ಕಂಡರೆ ತಕ್ಷಣ ಅಳಿಸಿ. ಆರ್‌ಐಎಫ್‌ಎಫ್ ಅಂತ ಶುರುವಾಗಿ ಸ್ವಲ್ಪ ಮುಂದೆ ವೆಬ್‌ಪಿ ಅಂತ ಕಂಡರೆ ವೆಬ್‌ಪಿ ಚಿತ್ರ. ಕೋನಾಕಾರದ ಬ್ರಾಕೆಟ್ಟಿನೊಳಗೆ ಡಾಕ್‌ಟೈಪ್ ಅಥವಾ ಎಚ್‌ಟಿಎಂಎಲ್ ಅಂತ ಇದ್ದರೆ ನಿಮಗೆ ಸಿಕ್ಕಿರುವುದು ಬರೀ ವೆಬ್ ಪುಟ.

ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಿ. ನೋಟ್‌ಪ್ಯಾಡ್‌ನಲ್ಲಿ ಸೇವ್ ಒತ್ತಿದರೆ ಚೆನ್ನಾಗಿದ್ದ ಫೈಲೂ ಕೆಡುತ್ತದೆ. ಮ್ಯಾಕ್ ಅಥವಾ ಲಿನಕ್ಸ್ ಇದ್ದವರಿಗೆ ಇಷ್ಟು ತಾಪತ್ರಯ ಇಲ್ಲ. ಟರ್ಮಿನಲ್‌ನಲ್ಲಿ 'ಫೈಲ್' ಎಂಬ ಕಮಾಂಡ್ ಕೊಟ್ಟು ಫೈಲಿನ ಹೆಸರು ಬರೆದರೆ ಒಳಗೇನಿದೆ ಅಂತ ಅದೇ ಹೇಳುತ್ತದೆ.

ಬಾಲ ಬದಲಿಸಿ ರೀನೇಮ್ ಮಾಡಿದರೆ ಸರಿಹೋಗುವುದಿಲ್ವಾ?

ಒಳಗಿನ ಮಾಲು ಸರಿಯಿದ್ದು ಹೆಸರು ಮಾತ್ರ ತಪ್ಪಿದ್ದರೆ ಸರಿಹೋಗುತ್ತದೆ. ಮಾಲೇ ಬೇರೆಯಾಗಿದ್ದರೆ ಇಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುವ ಕಥೆ ಅದು. ವೆಬ್‌ಪಿ ಚಿತ್ರಕ್ಕೆ ಜೆಪಿಜಿ ಅಂತ ಹೆಸರಿಟ್ಟರೆ ಅದು ಜೆಪಿಜಿ ಆಗುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ತೆರೆದುಕೊಂಡೀತು, ಏಕೆಂದರೆ ಎಷ್ಟೋ ಪ್ರೋಗ್ರಾಂಗಳು ಹೆಸರು ಬಿಟ್ಟು ಒಳಗನ್ನೇ ನೋಡುತ್ತವೆ. ಅದನ್ನು ನಂಬಿ ಅರ್ಜಿಗೆ ಹಾಕಿದರೆ ಅಲ್ಲಿನ ಸೈಟೂ ಒಳಗನ್ನೇ ನೋಡಿ ವಾಪಸ್ ಕಳಿಸುತ್ತದೆ.

ಅದಕ್ಕೇ ಮೊದಲು ಪತ್ತೆ ಮಾಡಿ, ಆಮೇಲೆ ಹೆಸರು ಬದಲಿಸುವುದೋ ಕನ್ವರ್ಟ್ ಮಾಡುವುದೋ ಮತ್ತೆ ಇಳಿಸುವುದೋ ತೀರ್ಮಾನಿಸಿ. ಈ ಪುಟದಲ್ಲಿರುವ ಅರ್ಧಕ್ಕರ್ಧ ಪ್ರಶ್ನೆಗಳು ಆ ಹೆಜ್ಜೆ ಹಾರಿಸಿದ್ದರಿಂದ ಹುಟ್ಟಿದವು.

ಪಿಡಿಎಫ್ ಇಳಿಯಿತು, ಆದರೆ ತೆರೆದರೆ 'ಡ್ಯಾಮೇಜ್ ಆಗಿದೆ' ಅನ್ನುತ್ತದೆ. ಮೂರು ಸಲ ಇಳಿಸಿದರೂ ಅದೇ. ಏನು ಮಾಡಲಿ?

ಗಾತ್ರ ನೋಡಿದಿರಾ? ಹತ್ತು ಕೆಬಿಗಿಂತ ಕಮ್ಮಿ ಇದ್ದರೆ ಒಳಗಿರುವುದು ಪಿಡಿಎಫ್ ಅಲ್ಲ, ವೆಬ್ ಪುಟ ಅಂತ ಅನುಮಾನಿಸಿ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ 'ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ' ಅನ್ನುವಂಥ ಇಂಗ್ಲಿಷ್ ವಾಕ್ಯ ಎಲ್ಲೋ ನಡುವೆ ಸಿಗುತ್ತದೆ.

ಇದು ಆಗುವುದು ಹೀಗೆ. ನೀವು ಪಹಣಿಗೋ ಅಂಕಪಟ್ಟಿಗೋ ಲಾಗಿನ್ ಆಗಿ, ಹಣ ಕಟ್ಟಿ, ಫೋನ್ ಬಂತು ಅಂತ ಎದ್ದು ಹೋಗುತ್ತೀರಿ. ವಾಪಸ್ ಬಂದು ಡೌನ್‌ಲೋಡ್ ಒತ್ತುವ ಹೊತ್ತಿಗೆ ಸೈಟ್ ನಿಮ್ಮನ್ನು ಹೊರಗೆ ಹಾಕಿರುತ್ತದೆ. ಅದು ಪಿಡಿಎಫ್ ಬದಲು ಲಾಗಿನ್ ಪುಟವನ್ನು ಕಳಿಸುತ್ತದೆ. ಬ್ರೌಸರ್ ಕೊಂಡಿಯಲ್ಲಿದ್ದ ಹೆಸರನ್ನೇ ಇಟ್ಟು ಅದನ್ನು ಪಿಡಿಎಫ್ ಅಂತ ಉಳಿಸುತ್ತದೆ. ಅಲ್ಲೇ ನಿಂತು ಎಷ್ಟು ಸಲ ಒತ್ತಿದರೂ ಅದೇ ಲಾಗಿನ್ ಪುಟ ಬರುತ್ತದೆ.

ಪೂರ್ತಿ ಲಾಗ್ಔಟ್ ಆಗಿ, ಮತ್ತೆ ಒಳಗೆ ಹೋಗಿ, ತಡಮಾಡದೆ ಇಳಿಸಿಕೊಳ್ಳಿ. ಡೌನ್‌ಲೋಡ್ ಮ್ಯಾನೇಜರ್ ಥರದ ಪ್ರೋಗ್ರಾಂ ಹಾಕಿಕೊಂಡಿದ್ದರೆ ಆಫ್ ಮಾಡಿ. ಬ್ರೌಸರ್‌ನಲ್ಲಿ ನೀವು ಲಾಗಿನ್ ಆಗಿದ್ದೀರಿ ಅನ್ನುವುದು ಕೆಲವು ಸಲ ಅವಕ್ಕೆ ಗೊತ್ತಿರುವುದಿಲ್ಲ. ಕೊಂಡಿಯನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಣ್ಣನಿಗೆ ಕಳಿಸಿ ಅವರು ಇಳಿಸಿದರೂ ಇದೇ ಗತಿ. ಕೊಂಡಿ ಹೋಗುತ್ತದೆ, ಲಾಗಿನ್ ಹೋಗುವುದಿಲ್ಲ.

ಗಾತ್ರ ದೊಡ್ಡದಾಗಿಯೇ ಇದ್ದು ಶುರುವಿನ ಅಕ್ಷರಗಳೂ ಸರಿಯಿದ್ದರೆ ಫೈಲ್ ಅರ್ಧಕ್ಕೆ ನಿಂತಿರಬಹುದು. ಆಗ ನೆಟ್ ಗಟ್ಟಿಯಿರುವ ಕಡೆ ಕೂತು ಇನ್ನೊಮ್ಮೆ ಇಳಿಸಿ.

ಪಿಡಿಎಫ್ ಪಾಸ್‌ವರ್ಡ್ ಕೇಳುತ್ತಿದೆ. ಇದೂ ಕೆಟ್ಟಿದೆಯಾ?

ಇಲ್ಲ, ಬೀಗ ಹಾಕಿ ಕಳಿಸಿದ್ದಾರೆ. ಇ-ಆಧಾರ್‌ಗೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ದೊಡ್ಡಕ್ಷರದಲ್ಲಿ, ಅದರ ಹಿಂದೆಯೇ ಹುಟ್ಟಿದ ಇಸವಿ. ಆದಾಯ ತೆರಿಗೆಯ ವಾರ್ಷಿಕ ಮಾಹಿತಿ ಪಟ್ಟಿಗೆ ಪ್ಯಾನ್ ಸಂಖ್ಯೆ ಸಣ್ಣಕ್ಷರದಲ್ಲಿ, ಅದಕ್ಕಂಟಿ ಹುಟ್ಟಿದ ದಿನ, ತಿಂಗಳು, ಇಸವಿ. ನಡುವೆ ಜಾಗ ಬಿಡಬೇಡಿ. ಬ್ಯಾಂಕಿನದಾದರೆ ಅವರ ಇಮೇಲ್‌ನಲ್ಲೇ ಸೂತ್ರ ಬರೆದಿರುತ್ತಾರೆ.

ಫೈಲಿಗೆ ಬಾಲವೇ ಇಲ್ಲ. ಅಥವಾ ಪಿಎಚ್‌ಪಿ, ಎಎಸ್‌ಪಿಎಕ್ಸ್, ಡಿಒ ಅಂತ ಏನೋ ವಿಚಿತ್ರ ಬಾಲ ಇದೆ. ತೆರೆಯುವುದು ಯಾವುದರಲ್ಲಿ?

ಇವು ಫೈಲಿನ ಬಾಲಗಳಲ್ಲ, ಫೈಲನ್ನು ತಯಾರಿಸಿ ಕೊಟ್ಟ ಸರ್ವರ್ ಪ್ರೋಗ್ರಾಮಿನ ಬಾಲ. ಡಿಒ ಅನ್ನುವುದು ಜಾವಾದಲ್ಲಿ ಕಟ್ಟಿದ ಹಳೆಯ ಸೈಟುಗಳ ಗುರುತು. ಎಎಸ್‌ಪಿಎಕ್ಸ್, ಎಎಸ್‌ಎಚ್‌ಎಕ್ಸ್ ಮೈಕ್ರೋಸಾಫ್ಟ್ ಕಡೆಯವು. ಫೈಲಿಗೆ ಹೆಸರೇನು ಅಂತ ಸರ್ವರ್ ಹೇಳಲು ಮರೆತಾಗ ಬ್ರೌಸರ್ ವಿಳಾಸದ ಕೊನೆಯ ತುಂಡನ್ನೇ ಕಿತ್ತು ಹೆಸರಾಗಿ ಇಡುತ್ತದೆ.

ಒಳಗಿನ ಮಾಲು ಬಹುತೇಕ ಸರಿಯಿರುತ್ತದೆ. ಹಾಗಾಗಿ ಇಲ್ಲಿ ರೀನೇಮ್ ಕೆಲಸ ಮಾಡುತ್ತದೆ. ರಸೀದಿ ಕೇಳಿದ್ದರೆ ಬಾಲವನ್ನು ಪಿಡಿಎಫ್ ಅಂತ ಮಾಡಿ ನೋಡಿ. ತೆರೆಯದಿದ್ದರೆ ನೋಟ್‌ಪ್ಯಾಡ್ ಪರೀಕ್ಷೆಗೆ ಹೋಗಿ.

ಗೂಗಲ್‌ನಲ್ಲಿ ಕಂಡ ಚಿತ್ರ ಸೇವ್ ಮಾಡಿದರೆ ವೆಬ್‌ಪಿ ಬರುತ್ತದೆ. ನನಗೆ ಜೆಪಿಜಿ ಬೇಕು. ಕೊಂಡಿಯಲ್ಲಿ ಜೆಪಿಜಿ ಅಂತಲೇ ಇದೆಯಲ್ಲ!

ಇದು ಯಾರ ತಪ್ಪೂ ಅಲ್ಲ ಅಂದರೆ ಸಿಟ್ಟು ಬರಬಹುದು. ವೆಬ್‌ಪಿ 2010ರಲ್ಲಿ ಗೂಗಲ್ ಹೊರತಂದ ಚಿತ್ರದ ಫಾರ್ಮ್ಯಾಟ್. ಅಷ್ಟೇ ಗುಣಮಟ್ಟದ ಜೆಪೆಗ್‌ಗಿಂತ (ಜೆಪಿಜಿ ಅಂದರೂ ಇದೇ) 25ರಿಂದ 34 ಶೇಕಡಾ ಚಿಕ್ಕದು ಅಂತ ಗೂಗಲ್ ಹೇಳುತ್ತದೆ. ಸೈಟ್ ನಡೆಸುವವರಿಗೆ ಅದು ಲಾಭ, ಮೊಬೈಲ್ ಡೇಟಾ ಉಳಿಸುವವರಿಗೂ ಲಾಭ. ಆಪಲ್‌ನ ಸಫಾರಿ 2020ರಲ್ಲಿ ಒಪ್ಪಿಕೊಂಡ ಮೇಲೆ ಮುಖ್ಯ ಬ್ರೌಸರ್‌ಗಳಲ್ಲಿ ತಕರಾರು ಉಳಿಯಲಿಲ್ಲ.

ಇಲ್ಲಿ ನಡೆಯುವುದು ಏನೆಂದರೆ, ಚಿತ್ರ ಕೇಳುವಾಗಲೇ ಬ್ರೌಸರ್ ಸರ್ವರ್‌ಗೆ 'ನನಗೆ ವೆಬ್‌ಪಿ ಆಗುತ್ತದೆ, ಎವಿಐಎಫ್ ಕೂಡ ಆಗುತ್ತದೆ' ಅಂತ ಹೇಳಿರುತ್ತದೆ. ಸರ್ವರ್ ಅದನ್ನು ಕೇಳಿ ಅಲ್ಲೇ ಚಿತ್ರ ಬದಲಿಸಿ ಕಳಿಸುತ್ತದೆ. ವಿಳಾಸದಲ್ಲಿ ಜೆಪಿಜಿ ಹಾಗೇ ಉಳಿದಿರುತ್ತದೆ, ಬಂದದ್ದು ಮಾತ್ರ ವೆಬ್‌ಪಿ. ಅದೇ ಕೊಂಡಿಯನ್ನು ತೀರ ಹಳೆಯ ಬ್ರೌಸರ್‌ನಲ್ಲಿ ತೆರೆದರೆ ಜೆಪಿಜಿಯೇ ಬಂದೀತು.

ಪರಿಹಾರ ಸುಲಭ. ವಿಂಡೋಸ್‌ನಲ್ಲಿ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ಪೇಂಟ್‌ನಲ್ಲಿ ತೆರೆಯಿರಿ. ಸೇವ್ ಆ್ಯಸ್ ಒತ್ತಿ ಜೆಪೆಗ್ ಆರಿಸಿ. ಮ್ಯಾಕ್‌ನಲ್ಲಿ ಪ್ರಿವ್ಯೂ ತೆರೆದು ಫೈಲ್ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಒತ್ತಿ. ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆದು ಕ್ರಾಪ್ ಮಾಡುವವರೇ ಜಾಸ್ತಿ. ಆಗುತ್ತದೆ, ಆದರೆ ಪರದೆಯಷ್ಟೇ ಸ್ಪಷ್ಟತೆ ಉಳಿಯುತ್ತದೆ. ಬ್ಯಾನರ್ ಪ್ರಿಂಟ್ ಮಾಡಿಸಲು ಅಂಥ ಚಿತ್ರ ಕೊಟ್ಟರೆ ಫ್ಲೆಕ್ಸ್ ಅಂಗಡಿಯವರು ಮುಖ ಸಿಂಡರಿಸುತ್ತಾರೆ.

ಇನ್ನೊಂದು ಎಚ್ಚರ. ಸಹಿಯ ಚಿತ್ರಕ್ಕೆ ಹಿನ್ನೆಲೆ ಇಲ್ಲದೆ ಪಾರದರ್ಶಕವಾಗಿದ್ದರೆ, ಜೆಪೆಗ್‌ಗೆ ಬದಲಿಸುವಾಗ ಆ ಜಾಗ ಕಪ್ಪಾಗಬಹುದು. ಜೆಪೆಗ್‌ನಲ್ಲಿ ಪಾರದರ್ಶಕ ಅನ್ನುವುದೇ ಇಲ್ಲ. ಕಪ್ಪು ಇಂಕಿನ ಸಹಿ ಕಪ್ಪು ಹಿನ್ನೆಲೆಯಲ್ಲಿ ಅಪ್‌ಲೋಡ್ ಆದರೆ ಅರ್ಜಿ ತಿರಸ್ಕಾರವೇ ಗತಿ. ಬದಲಿಸಿದ ಮೇಲೆ ಒಮ್ಮೆ ಕಣ್ಣಾರೆ ನೋಡಿ.

ಜೆಪಿಜಿ ಬದಲು ಜೆಎಫ್ಐಎಫ್ ಅಂತ ಬರುತ್ತದೆ. ಇದು ಯಾವುದು ಹೊಸದು?

ಹೊಸದಲ್ಲ, ಅದು ಜೆಪೆಗ್ಗೇ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಜೆಪೆಗ್ ಚಿತ್ರಕ್ಕೆ ಯಾವ ಬಾಲ ಇಡಬೇಕು ಅಂತ ಬರೆದಿರುವ ಜಾಗದಲ್ಲಿ ಜೆಎಫ್ಐಎಫ್ ಅಂತ ಕೂತಿರುತ್ತದೆ, ಬ್ರೌಸರ್ ಅದನ್ನೇ ಪಾಲಿಸುತ್ತದೆ. ಹೆಸರು ಬದಲಿಸಿ ಜೆಪಿಜಿ ಮಾಡಿದರೆ ಮುಗಿಯಿತು. ರಿಜಿಸ್ಟ್ರಿಗೇ ಹೋಗಿ ತಿದ್ದಲೂ ಬರುತ್ತದೆ. ಅಭ್ಯಾಸ ಇಲ್ಲದವರು ಅಲ್ಲಿ ಸುಮ್ನೆ ಕೈ ಹಾಕಬೇಡಿ.

ಐಫೋನ್ ಇರುವವರು ಕಳಿಸಿದ ಫೋಟೊ ತೆರೆಯುತ್ತಿಲ್ಲ. ಎಚ್ಇಐಸಿ ಅಂತ ಇದೆ.

2017ರ ಐಒಎಸ್ 11ರಿಂದ ಐಫೋನ್ ಫೋಟೊ ತೆಗೆಯುವುದು ಹೀಗೆ. ಅವರ ಫೋನಿನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಅಂತ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಮುಂದಿನ ಫೋಟೊಗಳು ಜೆಪೆಗ್ ಆಗಿ ಬರುತ್ತವೆ. ಹಳೆಯವನ್ನು ಮಾತ್ರ ಕನ್ವರ್ಟ್ ಮಾಡಲೇಬೇಕು.

ವಿಕಿಪೀಡಿಯದ ಚಿತ್ರದ ಕೊಂಡಿ ಜೆಪಿಜಿ ಅಂತಲೇ ಮುಗಿಯುತ್ತದೆ. 'ಸೇವ್ ಲಿಂಕ್ ಆ್ಯಸ್' ಮಾಡಿದರೆ ಚಿತ್ರ ಬರುವುದೇ ಇಲ್ಲ.

ಆ ವಿಳಾಸ ಚಿತ್ರದ್ದಲ್ಲ, ಚಿತ್ರದ ಬಗ್ಗೆ ಇರುವ ಪುಟದ್ದು. ವಿಕಿಮೀಡಿಯ ಕಾಮನ್ಸ್‌ನಲ್ಲಿ ಪ್ರತಿ ಚಿತ್ರಕ್ಕೂ ಒಂದು ವಿವರಣೆ ಪುಟ ಇರುತ್ತದೆ, ಅದರ ವಿಳಾಸ ಚಿತ್ರದ ಹೆಸರಿನಿಂದಲೇ ಮುಗಿಯುತ್ತದೆ. ಪುಟ ತೆರೆದು ಅಲ್ಲಿರುವ ಡೌನ್‌ಲೋಡ್ ಗುಂಡಿ ಒತ್ತಿ. ಲೈಸೆನ್ಸ್ ಏನು ಅಂತಲೂ ಅಲ್ಲೇ ಇರುತ್ತದೆ, ಅದನ್ನೂ ಓದಿಬಿಡಿ.

ಪ್ರೋಗ್ರಾಂಗಳನ್ನು ಹಂಚಿಕೊಳ್ಳುವ ಗಿಟ್‌ಹಬ್ ಸೈಟಿನಲ್ಲಿ ಕನ್ನಡ ಫಾಂಟ್ ಇಳಿಸಲು ಹೋಗಿ ಇದೇ ಬಲೆಗೆ ಬೀಳುವವರಿದ್ದಾರೆ. ಪಟ್ಟಿಯಲ್ಲಿ ಟಿಟಿಎಫ್ ಅಂತ ಕಾಣುವ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಉಳಿಸಿದರೆ ಸಿಗುವುದು ವೆಬ್ ಪುಟ. ಅದನ್ನು ಇನ್‌ಸ್ಟಾಲ್ ಮಾಡಲು ಹೋದರೆ 'ಇದು ಸರಿಯಾದ ಫಾಂಟ್ ಅಲ್ಲ' ಅನ್ನುತ್ತದೆ. ಹೆಸರನ್ನು ಒತ್ತಿ ಒಳಗೆ ಹೋದ ಮೇಲೆ ಸಿಗುವ ಡೌನ್‌ಲೋಡ್ ಗುರುತನ್ನು ಬಳಸಿ.

ಬ್ಯಾಂಕ್ ಸ್ಟೇಟ್‌ಮೆಂಟ್ ಎಕ್ಸ್ಎಲ್ಎಸ್ ಅಂತ ಬಂದಿದೆ. ತೆರೆದರೆ ಎಕ್ಸೆಲ್ 'ಫಾರ್ಮ್ಯಾಟ್ ಮತ್ತು ಎಕ್ಸ್‌ಟೆನ್ಷನ್ ಹೊಂದುತ್ತಿಲ್ಲ' ಅಂತ ಹೆದರಿಸುತ್ತದೆ. ತೆರೆಯಬಹುದಾ?

ಬ್ಯಾಂಕಿನ ಸೈಟಿನಿಂದ ನೀವೇ ಲಾಗಿನ್ ಆಗಿ ಇಳಿಸಿದ್ದರೆ ತೆರೆಯಬಹುದು. ಇಮೇಲ್‌ನಲ್ಲಿ ತಾನಾಗಿ ಬಂದಿದ್ದರೆ ಬೇಡ.

ಎಷ್ಟೋ ಸೈಟುಗಳು ನಿಜವಾದ ಎಕ್ಸೆಲ್ ಫೈಲ್ ಮಾಡುವ ಗೋಜಿಗೇ ಹೋಗುವುದಿಲ್ಲ. ವೆಬ್ ಪುಟದ ಟೇಬಲ್ಲನ್ನೋ ಟ್ಯಾಬ್ ಹಾಕಿದ ಸಾದಾ ಪಠ್ಯವನ್ನೋ ತೆಗೆದು ಎಕ್ಸ್ಎಲ್ಎಸ್ ಅಂತ ಹೆಸರಿಟ್ಟು ಕೊಡುತ್ತವೆ. ಎಕ್ಸೆಲ್ ಅದನ್ನು ಓದಬಲ್ಲದು, ಆದರೆ ಹೆಸರು ಸುಳ್ಳು ಅಂತ ಕಂಡುಹಿಡಿದು ಕೇಳುತ್ತದೆ. 'ಯೆಸ್' ಅನ್ನಿ. ತೆರೆದ ಮೇಲೆ ಸೇವ್ ಆ್ಯಸ್ ಮಾಡಿ ಎಕ್ಸ್ಎಲ್ಎಸ್ಎಕ್ಸ್ ಆರಿಸಿ ಉಳಿಸಿಕೊಳ್ಳಿ. ಆ ಹೊಸ ಪ್ರತಿಯನ್ನೇ ಆಡಿಟರಿಗೆ ಕಳಿಸಿ. ಮೂಲ ಫೈಲನ್ನು ಫೋನಿನ ಶೀಟ್ಸ್ ಆ್ಯಪ್‌ನಲ್ಲಿ ತೆರೆಯಲು ಹೋದರೆ ಬಾರದೆ ಹೋಗಬಹುದು.

ಸಿಎಸ್‌ವಿ ಫೈಲಿನಲ್ಲಿ ಕನ್ನಡ ಹೆಸರುಗಳಿದ್ದವು. ಎಕ್ಸೆಲ್‌ನಲ್ಲಿ ತೆರೆದರೆ ಗೀರು ಹಾಕಿದ ಎ, ಚಿಕ್ಕ 2, ಚಿಕ್ಕ 3, ಇದೇ ತುಂಬಿದೆ!

ಫೈಲ್ ಕೆಟ್ಟಿಲ್ಲ. ಎಕ್ಸೆಲ್ ಓದುವ ರೀತಿ ತಪ್ಪಿದೆ. ಕನ್ನಡದ ಪ್ರತಿ ಅಕ್ಷರ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಮೊದಲ ಬೈಟ್ ಯಾವಾಗಲೂ ಒಂದೇ. ಎರಡನೆಯದು ಎರಡರಲ್ಲಿ ಒಂದು. ಹಳೆಯ ಪಾಶ್ಚಾತ್ಯ ಅಕ್ಷರಪಟ್ಟಿಯಲ್ಲಿ ಅದೇ ಮೊದಲ ಬೈಟ್ ಅಂದರೆ ತಲೆಯ ಮೇಲೆ ಗೀರಿರುವ ಎ. ಎರಡನೆಯ ಬೈಟ್ ಅಂದರೆ ಮೇಲಕ್ಕೆ ಏರಿದ ಚಿಕ್ಕ 2 ಅಥವಾ 3. ಅದಕ್ಕೇ ಯಾವ ಕನ್ನಡ ಫೈಲ್ ಹೀಗೆ ಹಾಳಾದರೂ ಇದೇ ಮೂತಿ ಕಾಣುತ್ತದೆ. ಒಮ್ಮೆ ಗುರುತು ಹಿಡಿದರೆ ಮತ್ತೆಂದೂ ಮರೆಯುವುದಿಲ್ಲ.

ಸಿಎಸ್‌ವಿ ಬರೀ ಪಠ್ಯ. ತಾನು ಯಾವ ಪದ್ಧತಿಯಲ್ಲಿದ್ದೇನೆ ಅಂತ ಹೇಳಿಕೊಳ್ಳಲು ಅದರಲ್ಲಿ ಜಾಗವೇ ಇಲ್ಲ. ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ಹಳೆಯ ಪಟ್ಟಿಯೇ ಅಂದುಕೊಂಡುಬಿಡುತ್ತದೆ. ಆದ್ದರಿಂದ ಡಬಲ್ ಕ್ಲಿಕ್ ಬೇಡ. ಖಾಲಿ ಎಕ್ಸೆಲ್ ತೆರೆದು, ಡೇಟಾ ಟ್ಯಾಬ್‌ನಲ್ಲಿ 'ಫ್ರಮ್ ಟೆಕ್ಸ್ಟ್/ಸಿಎಸ್‌ವಿ' ಒತ್ತಿ, ಫೈಲ್ ಆರಿಸಿ. ಫೈಲ್ ಒರಿಜಿನ್ ಅನ್ನುವಲ್ಲಿ 65001 ಯೂನಿಕೋಡ್ ಯುಟಿಎಫ್-8 ಆರಿಸಿದರೆ ಕನ್ನಡ ಎದ್ದು ನಿಲ್ಲುತ್ತದೆ. ಹಾಳಾಗಿ ಕಂಡಾಗ ಸೇವ್ ಮಾಡಬೇಡಿ. ಆಮೇಲೆ ತರುವುದು ಕಷ್ಟ.

ಇಲ್ಲೇ ಇನ್ನೊಂದು ಮಾತು. ಡಬಲ್ ಕ್ಲಿಕ್ ಮಾಡಿದಾಗ ಆಧಾರ್‌ನ 12 ಅಂಕಿಗಳು ಇ+11 ಅಂತ ಕುಗ್ಗಿ ಕಾಣುತ್ತವೆ. ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯ ಸೊನ್ನೆ ಹಾರಿಹೋಗುತ್ತದೆ. 15 ಅಂಕಿಗಿಂತ ಉದ್ದ ಇದ್ದರೆ ಮುಂದಿನವೆಲ್ಲ ಸೊನ್ನೆಯಾಗುತ್ತವೆ. ಇಂಪೋರ್ಟ್ ಮಾಡುವಾಗ ಆ ಕಾಲಮ್ಮನ್ನು ಟೆಕ್ಸ್ಟ್ ಅಂತ ಗುರುತಿಸಿದರೆ ಇದೂ ತಪ್ಪುತ್ತದೆ.

ಸರ್ಕಾರಿ ಆದೇಶದ ವರ್ಡ್ ಫೈಲ್ ಇಳಿಸಿದೆ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಿವೆ. ಇದೂ ಮೇಲಿನದ್ದೇ ತೊಂದರೆಯಾ?

ಹೊರಗಿನಿಂದ ಹಾಗೇ ಕಾಣುತ್ತದೆ, ಕಾರಣ ಬೇರೆ. ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂರಿಸುತ್ತಿದ್ದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಮತ್ತೆ ಬರಹ ಎಂಬ ಎರಡು ಟೈಪಿಂಗ್ ತಂತ್ರಾಂಶಗಳು, ಇವುಗಳ ಹಳೆಯ ಫಾಂಟುಗಳು ಇದೇ ಬಗೆಯವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಹಳೆಯ ಕಡತಗಳು ಎಷ್ಟೋ ಹಾಗೇ ಉಳಿದಿವೆ.

ಓದುವುದಷ್ಟೇ ಬೇಕಿದ್ದರೆ ನುಡಿ ಫಾಂಟ್ ಹಾಕಿಕೊಳ್ಳಿ. ಆ ಪಠ್ಯವನ್ನು ಬೇರೆ ಕಡೆ ಬಳಸಬೇಕು, ಮೊಬೈಲಿನಲ್ಲಿ ಕಳಿಸಬೇಕು ಅಂದರೆ ಆಸ್ಕಿಯಿಂದ (ಅಂದರೆ ಈ ಹಳೆಯ ಪದ್ಧತಿಯಿಂದ) ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಬಳಸಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಂದು ಸಲ ನೋಡಿಕೊಳ್ಳಿ, ಎಡವುವುದು ಅಲ್ಲೇ.

ಪಿಡಿಎಫ್‌ನಲ್ಲಿ ಇದು ಇನ್ನೂ ಮಜ. ಫಾಂಟ್ ಒಳಗೇ ಸೇರಿರುವುದರಿಂದ ಕಣ್ಣಿಗೆ ಚೆಂದದ ಕನ್ನಡ ಕಾಣುತ್ತದೆ. ಕಾಪಿ ಮಾಡಿ ಅಂಟಿಸಿದರೆ ಮಾತ್ರ ಬಣ್ಣ ಬಯಲು. ಹುಡುಕು ಅಂದರೂ ಏನೂ ಸಿಗುವುದಿಲ್ಲ.

ವರ್ಡ್ ಫೈಲ್ ಕೇಳಿದರೆ ಜಿಪ್ ಬಂತು. ಬಿಚ್ಚಿದರೆ ಏನೇನೋ ಫೋಲ್ಡರ್.

ಬಿಚ್ಚಬೇಡಿ. 2007ರ ಆಫೀಸ್‌ನಿಂದ ಈಚೆಗೆ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಫೈಲುಗಳೆಲ್ಲ ಒಳಗೆ ಜಿಪ್ಪೇ. ಇಪಬ್ ಪುಸ್ತಕವೂ ಜಿಪ್, ಆಂಡ್ರಾಯ್ಡ್‌ನ ಎಪಿಕೆಯೂ ಜಿಪ್. ಸರ್ವರ್ ಸರಿಯಾಗಿ ಹೇಳದಿದ್ದಾಗ ಕೆಲವು ಬ್ರೌಸರ್‌ಗಳು ಶುರುವಿನ ಪಿಕೆ ಅಕ್ಷರ ನೋಡಿ ಜಿಪ್ ಅಂತ ತೀರ್ಮಾನಿಸುತ್ತವೆ. ಒಳಗೆ 'ವರ್ಡ್' ಎಂಬ ಫೋಲ್ಡರ್ ಇದ್ದರೆ ಬಾಲವನ್ನು ಡಿಒಸಿಎಕ್ಸ್ ಮಾಡಿ. 'ಎಕ್ಸ್ಎಲ್' ಇದ್ದರೆ ಎಕ್ಸ್ಎಲ್ಎಸ್ಎಕ್ಸ್. ಮ್ಯಾಕ್‌ನ ಸಫಾರಿ ಜಿಪ್ ಇಳಿದ ಕೂಡಲೇ ತಾನೇ ಬಿಚ್ಚಿಬಿಡುತ್ತದೆ. ಸೆಟ್ಟಿಂಗ್ಸ್‌ನ ಜನರಲ್ ಭಾಗದಲ್ಲಿ ಸುರಕ್ಷಿತ ಫೈಲುಗಳನ್ನು ಇಳಿದ ಮೇಲೆ ತೆರೆಯುವ ಆಯ್ಕೆಯ ಟಿಕ್ ತೆಗೆಯಿರಿ.

ಸಿಆರ್‌ಡೌನ್‌ಲೋಡ್ ಅಥವಾ ಪಾರ್ಟ್ ಅಂತ ಮುಗಿಯುವ ಫೈಲ್?

ಇನ್ನೂ ಪೂರ್ತಿ ಇಳಿದಿಲ್ಲ. ಮೊದಲನೆಯದು ಕ್ರೋಮ್ ಮತ್ತು ಎಡ್ಜ್‌ನದು, ಎರಡನೆಯದು ಫೈರ್‌ಫಾಕ್ಸ್‌ನದು. ರೀನೇಮ್ ಮಾಡಿ ಪ್ರಯೋಜನವಿಲ್ಲ.

ನಾನು ಏನೂ ಒತ್ತಿಲ್ಲ, ಎಫ್ ಡಾಟ್ ಟಿಎಕ್ಸ್‌ಟಿ ಎಂಬ ಫೈಲ್ ತಾನಾಗಿ ಇಳಿದಿದೆ. ವೈರಸ್ಸಾ?

ಸಾಮಾನ್ಯವಾಗಿ ಅಲ್ಲ. ಪುಟದಲ್ಲಿ ಜಾಹೀರಾತು ತೋರಿಸುವ ಗೂಗಲ್ ಸ್ಕ್ರಿಪ್ಟ್ ಎಡವಿ ಫೈಲಾಗಿ ಇಳಿದಿರುತ್ತದೆ. ಯಾರಾದರೂ ಅದನ್ನು ಓಡುವ ಪ್ರೋಗ್ರಾಂ ಆಗಿ ದುರ್ಬಳಕೆ ಮಾಡಬಾರದು ಅಂತಲೇ ಅದಕ್ಕೆ ನಿರುಪದ್ರವಿ ಹೆಸರು ಕೊಟ್ಟಿದ್ದಾರೆ. ಅಳಿಸಿ ಹಾಕಿ.

ಪಿಡಿಎಫ್ ಡೌನ್‌ಲೋಡ್ ಆಗುವ ಬದಲು ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ.

ಇದು ಫಾರ್ಮ್ಯಾಟ್ ತೊಂದರೆಯಲ್ಲ, ಸೆಟ್ಟಿಂಗ್. ಕ್ರೋಮ್‌ನಲ್ಲಿ ಸೈಟ್ ಸೆಟ್ಟಿಂಗ್ಸ್‌ನ ಕೊನೆಯ ಭಾಗದಲ್ಲಿ ಪಿಡಿಎಫ್ ಡಾಕ್ಯುಮೆಂಟ್ಸ್ ಅಂತಿದೆ, ಅಲ್ಲಿ 'ಡೌನ್‌ಲೋಡ್' ಆರಿಸಿ. ಫೈರ್‌ಫಾಕ್ಸ್‌ನಲ್ಲಿ ಜನರಲ್ ಕೆಳಗೆ ಅಪ್ಲಿಕೇಷನ್ಸ್. ತೆರೆದುಕೊಂಡ ಪಿಡಿಎಫ್ ಉಳಿಸಲು ಕಂಟ್ರೋಲ್ ಮತ್ತು ಎಸ್ ಒತ್ತಿದರೂ ಆಯಿತು. ಪ್ರಿಂಟ್ ಟು ಪಿಡಿಎಫ್ ಮಾಡಬೇಡಿ. ಡಿಜಿಟಲ್ ಸಹಿ ಇದ್ದರೆ ಅದು ಕಳೆದುಹೋಗುತ್ತದೆ. ಇ-ಆಧಾರ್‌ನಂಥ ದಾಖಲೆಗೆ ಆ ಸಹಿಯೇ ಮುಖ್ಯ ಅಲ್ವಾ?

ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಬಂತು. ಪಿಡಿಎಫ್ ಅಂದುಕೊಂಡೆ, ಎಪಿಕೆ ಅಂತ ತೋರಿಸುತ್ತಿದೆ. ತೆರೆಯಲಾ?

ಬೇಡ. ಖಂಡಿತ ಬೇಡ. ಗೊತ್ತಿರುವವರ ನಂಬರ್‌ನಿಂದ ಬಂದಿದ್ದರೂ ಬೇಡ, ಅವರ ಫೋನೇ ಹ್ಯಾಕ್ ಆಗಿರಬಹುದು. ಎಪಿಕೆ ಅಂದರೆ ಫೋನಿಗೆ ಹಾಕುವ ಆ್ಯಪ್. ಯಾವ ಕರೆಯೋಲೆಯೂ, ಯಾವ ಟ್ರಾಫಿಕ್ ದಂಡದ ಚಲನ್ನೂ, ಯಾವ ಬ್ಯಾಂಕಿನ ಕೆವೈಸಿ ಪತ್ರವೂ ಎಪಿಕೆ ರೂಪದಲ್ಲಿ ಬರುವುದಿಲ್ಲ. ಇನ್‌ಸ್ಟಾಲ್ ಆದ ಮೇಲೆ ಇಂಥ ಆ್ಯಪ್ ಎಸ್ಎಂಎಸ್ ಓದುವ ಅನುಮತಿ ಪಡೆದು ಒಟಿಪಿ ಕದಿಯುತ್ತದೆ. ಪೊಲೀಸರು ಹಲವು ರಾಜ್ಯಗಳಲ್ಲಿ ಈ ಬಗ್ಗೆ ಎಚ್ಚರಿಸಿದ್ದಾರೆ.

ಕಂಪ್ಯೂಟರಿನಲ್ಲಿ ಇದರ ಅಣ್ಣ 'ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್ಇ'. ವಿಂಡೋಸ್ ಕೊನೆಯ ಬಾಲ ಮುಚ್ಚಿಟ್ಟಿದ್ದರೆ ಬಿಲ್ ಡಾಟ್ ಪಿಡಿಎಫ್ ಅಂತಷ್ಟೇ ಕಾಣುತ್ತದೆ. ಬಾಲ ಕಾಣುವ ಹಾಗೆ ಮಾಡಿಕೊಳ್ಳಿ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಈಗಾಗಲೇ ಹಾಕಿಬಿಟ್ಟಿದ್ದರೆ ಫೋನಿನ ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ನಾಚಿಕೆ ಪಟ್ಟುಕೊಂಡು ಒಂದು ದಿನ ತಡ ಮಾಡಿದರೆ ಹಣ ಕೈಗೆ ಸಿಗದ ಹಾಗೆ ದಾಟಿಹೋಗಿರುತ್ತದೆ.

ಆನ್‌ಲೈನ್ ಕನ್ವರ್ಟರ್ ಸೈಟುಗಳು ಇದ್ದಾವಲ್ಲ, ಅಲ್ಲಿ ಹಾಕಿ ಬದಲಿಸಿಕೊಂಡರೆ ಆಗದಾ?

ಹೂವಿನ ಚಿತ್ರಕ್ಕೆ ಆದೀತು. ಆಧಾರ್, ಪ್ಯಾನ್, ಸ್ಟೇಟ್‌ಮೆಂಟ್, ಜಮೀನಿನ ಕಾಗದ ಇವನ್ನು ದಯವಿಟ್ಟು ಹಾಕಬೇಡಿ. ನೀವು ಅಪ್‌ಲೋಡ್ ಮಾಡಿದ ಕ್ಷಣ ಅದರ ಪ್ರತಿ ಯಾರದೋ ಸರ್ವರ್‌ನಲ್ಲಿರುತ್ತದೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಇಂಥ ಪುಕ್ಕಟೆ ಕನ್ವರ್ಟರ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಬದಲಿಸಿ ಕೊಡುವ ಫೈಲಿನ ಜೊತೆಗೇ ಮಾಲ್‌ವೇರ್ ತುರುಕುವವರೂ ಇದ್ದಾರೆ ಅಂತ. ಪೇಂಟ್, ಪ್ರಿವ್ಯೂ, ಲಿಬ್ರೆಆಫೀಸ್ ಇವು ನಿಮ್ಮ ಯಂತ್ರದಲ್ಲೇ ಕೆಲಸ ಮಾಡುತ್ತವೆ. ಮನೆಬಳಕೆಯ ಮುಕ್ಕಾಲು ಕೆಲಸ ಅಲ್ಲೇ ಮುಗಿಯುತ್ತದೆ.

ನಮ್ಮ ಶಾಲೆಯ ಸೈಟ್ ನಾನೇ ನೋಡಿಕೊಳ್ಳುತ್ತೇನೆ. ಜನ ಫೈಲ್ ತಪ್ಪಾಗಿ ಬರುತ್ತಿದೆ ಅಂತ ದೂರುತ್ತಾರೆ. ಎಲ್ಲಿಂದ ಹುಡುಕಲಿ?

ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು, ಫೈಲಿನ ಕೊಂಡಿ ಒತ್ತಿ. ಕಂಟೆಂಟ್-ಟೈಪ್ ಏನು ಬಂದಿದೆ ನೋಡಿ. ಪಿಡಿಎಫ್ ಇರಬೇಕಾದ ಕಡೆ ಟೆಕ್ಸ್ಟ್ ಅಥವಾ ಆಕ್ಟೆಟ್-ಸ್ಟ್ರೀಮ್ ಇದ್ದರೆ ಸರ್ವರ್‌ನ ಮೈಮ್ ಪಟ್ಟಿಯಲ್ಲಿ ಆ ಬಾಲ ಇಲ್ಲ ಅಂತ ಅರ್ಥ. ಸರ್ವರ್ ಪ್ರೋಗ್ರಾಂ ಅಪಾಚೆಯಾದರೆ ಆ್ಯಡ್‌ಟೈಪ್ ಸಾಲು ಸೇರಿಸಿ, ಎಂಜಿನ್‌ಎಕ್ಸ್ ಆದರೆ ಮೈಮ್ ಟೈಪ್ಸ್ ಫೈಲಿಗೆ ಸೇರಿಸಿ. ಮೈಕ್ರೋಸಾಫ್ಟ್‌ನ ಐಐಎಸ್ ಇನ್ನೂ ಕಟ್ಟುನಿಟ್ಟು. ಗೊತ್ತಿಲ್ಲದ ಬಾಲ ಕಂಡರೆ ಫೈಲ್ ಕಣ್ಣೆದುರೇ ಇದ್ದರೂ 404, ಅಂದರೆ ಫೈಲೇ ಇಲ್ಲ, ಅನ್ನುತ್ತದೆ.

ಪಿಎಚ್‌ಪಿ ಮೂಲಕ ಫೈಲ್ ಕೊಡುತ್ತಿದ್ದರೆ ಕೋಡಿನ ಶುರುವಿನಲ್ಲಿ ಒಂದು ಖಾಲಿ ಸಾಲು ಉಳಿದಿದೆಯೇ ನೋಡಿ. ಆ ಸಾಲು ಫೈಲಿನ ತಲೆಗೆ ಅಂಟಿಕೊಂಡು ಹೋಗುತ್ತದೆ. ಚಿತ್ರವಾದರೆ ತೆರೆಯುವುದೇ ಇಲ್ಲ. ಇದನ್ನು ಹುಡುಕಲು ಗಂಟೆಗಟ್ಟಲೆ ಕೂರುವವರಿದ್ದಾರೆ, ಏಕೆಂದರೆ ಖಾಲಿ ಸಾಲು ಕಣ್ಣಿಗೆ ಬೀಳುವುದಿಲ್ಲ.

ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಕಂಟೆಂಟ್-ಡಿಸ್ಪೊಸಿಷನ್‌ನಲ್ಲಿ ಎರಡು ಹೆಸರು ಕೊಡಿ. ಹಳೆಯ ಪ್ರೋಗ್ರಾಂಗಳಿಗೆ ಇಂಗ್ಲಿಷ್ ಅಕ್ಷರದ ಹೆಸರು, ಹೊಸವಕ್ಕೆ ನಕ್ಷತ್ರ ಚಿಹ್ನೆಯ ಜೊತೆ ಯುಟಿಎಫ್-8 ಹೆಸರು. 2011ರ ಮಾನದಂಡದಲ್ಲೇ ಇದಕ್ಕೆ ದಾರಿಯಿದೆ. ಹಾಗೆ ಮಾಡದಿದ್ದರೆ 'ವಾರ್ಷಿಕ ವರದಿ' ಅನ್ನುವುದು ಶೇಕಡಾ ಚಿಹ್ನೆಗಳ ಸರಮಾಲೆಯಾಗಿ ಇಳಿಯಬಹುದು, ಬಾಲವೂ ಕಳೆದುಹೋಗಬಹುದು.

ಎಲ್ಲ ನೋಡಿದೆ. ತಪ್ಪು ಸೈಟಿನದೇ ಅಂತ ಖಾತ್ರಿಯಾಯಿತು. ದೂರು ಕೊಡುವುದು ಹೇಗೆ?

'ಫೈಲ್ ಬರ್ತಿಲ್ಲ' ಅಂತಷ್ಟೇ ಬರೆದರೆ 'ಕ್ಯಾಷ್ ಕ್ಲಿಯರ್ ಮಾಡಿ' ಅನ್ನುವ ಉತ್ತರ ಬರುತ್ತದೆ. ಯಾವ ಪುಟದಲ್ಲಿ ಯಾವ ಗುಂಡಿ ಒತ್ತಿದಿರಿ, ದಿನಾಂಕ ಮತ್ತು ಸಮಯ, ಬ್ರೌಸರ್ ಯಾವುದು, ಫೈಲಿಗೆ ಬಂದ ಹೆಸರು, ಅದರ ಗಾತ್ರ, ನೋಟ್‌ಪ್ಯಾಡ್‌ನಲ್ಲಿ ಕಂಡ ಮೊದಲ ಸಾಲು, ಇಷ್ಟು ಬರೆಯಿರಿ. ಇನ್ನೊಂದು ಬ್ರೌಸರ್‌ನಲ್ಲೂ ಹಾಗೇ ಆಯಿತೇ ಅಂತ ಸೇರಿಸಿ. ಫೈಲಿನಲ್ಲಿ ನಿಮ್ಮ ವಿವರಗಳಿದ್ದರೆ ಫೈಲ್ ಲಗತ್ತಿಸಬೇಡಿ, ಸ್ಕ್ರೀನ್‌ಶಾಟ್‌ನಲ್ಲಿ ಸಂಖ್ಯೆಗಳನ್ನು ಮುಚ್ಚಿ ಕಳಿಸಿ. ಅರ್ಜಿಗೆ ಕೊನೆಯ ದಿನ ಹತ್ತಿರವಿದ್ದರೆ ದೂರಿನ ಪ್ರತಿಯನ್ನೂ ಸ್ವೀಕೃತಿ ಸಂಖ್ಯೆಯನ್ನೂ ಇಟ್ಟುಕೊಳ್ಳಿ.